ಇನ್ನೆರಡು ಕಿಲೋ ಸೀಸ

ಜೊತೆಯವರೆಲ್ಲ ಆಗಲೇ ಸಮುದ್ರದ ತಳ ಸೇರಿದ್ದರು. ಮಗಳು ಮಾತ್ರ ಬೆಂಡಿನ ಹಾಗೆ ತೇಲುತ್ತಿದ್ದಳು. ಇವತ್ತಿನ ಡೈವಿಂಗ್ ಪರೀಕ್ಷೆಯಲ್ಲಿ ಮುಳುಗದಿದ್ದರೆ ಗೈಡ್ ಕೆಲಸ ಕೈತಪ್ಪುತ್ತಿತ್ತು. ಕಲಿಸಿದ ಅಮ್ಮ ಪಕ್ಕದಲ್ಲೇ ಈಜುತ್ತಿದ್ದಳು.

“ಬೆಲ್ಟಿಗೆ ಇನ್ನೆರಡು ಕಿಲೋ ಸೀಸ ಹಾಕಮ್ಮ. ಉಪ್ಪುನೀರು ಮೇಲಕ್ಕೆ ದೂಡ್ತದೆ.”

“ಬೇಡ. ನೀನು ಕಲಿತ ಕಲ್ಲುಕ್ವಾರಿಯ ಥಂಡಿ ನೀರಲ್ಲಿ ಹಾಕ್ತಿದ್ದ, ತೇಲಿಸೋ ದಪ್ಪ ಸೂಟು ಈಗಿಲ್ಲ. ಈ ಬೆಚ್ಚನೆ ನೀರಿಗೆ ಇಷ್ಟೇ ಸಾಕು. ಉಸಿರು ಪೂರ್ತಿ ಬಿಡು.”

“ಬಿಟ್ಟೆ ಅಂದ್ನಲ್ಲ!”

“ಎಲ್ಲಿ ಬಿಟ್ಟೆ? ನಿನ್ನಪ್ಪನ ಹಾಗೇ, ಎಲ್ಲ ಒಳಗೇ ಇಟ್ಕೊಂಡು ಮುಖ ಊದಿಸೋದು. ಮೊದಲು ಆ ಕೊಳವೆ ಬಾಯಿಗೆ ಹಾಕು.”

ಮಗಳು ಗಾಳಿಯ ಕೊಳವೆ ಕಚ್ಚಿಕೊಂಡು, ಉಸಿರೆಲ್ಲ ಖಾಲಿಯಾಗುವ ತನಕ ಅಮ್ಮನನ್ನು ಬೈದಳು. ಅಮ್ಮನಿಗೆ ಒಂದು ಮಾತೂ ತಿಳಿಯಲಿಲ್ಲ.

ಕೊನೆಯ ಬೈಗುಳ ನೀರಿನಡಿಯಿಂದ ಗುಳ್ಳೆಯಾಗಿ ಮೇಲೆ ಬಂತು.