ಉಳಿದ ಭಾಷಣ

ಊರಿನ ಯಾವ ಸಮಾರಂಭವಾದರೂ ಸಂಘದ ಅಧ್ಯಕ್ಷರದೇ ಭಾಷಣ. ಅವರ ಕಚೇರಿಗೆ ಹೊಸದಾಗಿ ಸೇರಿದ್ದ ತಾರಾಮಣಿಗೆ ಕಂಪ್ಯೂಟರಿನಲ್ಲಿದ್ದ ಆ ಭಾಷಣಗಳ ಫೋಲ್ಡರು ತಿಪ್ಪೆಯಂತೆ ಕಂಡಿತು. ಬೇಡದ ಕಡತಗಳನ್ನು ಅಳಿಸುವ, ಬಿಟ್ಟಿಯಾಗಿ ಸಿಗುವ ಕಮಾಂಡೊಂದು ಅವಳಿಗೆ ಗೊತ್ತಿತ್ತು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಫೋಲ್ಡರು ಹೆಚ್ಚುಕಡಿಮೆ ಬೋಳಾಯಿತು.

ಜರಿ ಶಾಲು ಸರಿಪಡಿಸಿಕೊಳ್ಳುತ್ತ ಅಧ್ಯಕ್ಷರು ಒಳಬಂದರು.

"ಎಲ್ಲಿ ತಾರಾಮಣಿ, ಮದುವೆ ಭಾಷಣ? ಮುಹೂರ್ತ ಹತ್ರ ಬಂತು."

"ಸರ್... ಅಳಿಸೋಯ್ತು."

"ಏನು! ಶಾಲಾ ವಾರ್ಷಿಕೋತ್ಸವದ್ದು? ಗೃಹಪ್ರವೇಶದ್ದು?"

"ಅವೂ ಹೋದ್ವು ಸರ್."

"ಅಯ್ಯೋ ಪಾಪಿ! ನನ್ನ ಜೀವಮಾನದ ಚಿಂತನೆ ಕಣೇ ಅದು! ಇವತ್ತೇ ಗಂಟುಮೂಟೆ ಕಟ್ಟು!"

ಈ ಕೆಲಸವೂ ಹೋದರೆ ತಾರಾಮಣಿಗೆ ಮತ್ತೆ ಗಾರ್ಮೆಂಟ್ಸ್ ಫ್ಯಾಕ್ಟರಿಯೇ ಗತಿ.

"ತಪ್ಪಾಯ್ತು ಸರ್. ಆದ್ರೆ ನಾನು ಹಾಕಿದ ಕಮಾಂಡು ಬೇರೆ ಬೇರೆ ಇರೋದನ್ನ ಮುಟ್ಟಲ್ಲ. ಅಕ್ಷರಕ್ಕೆ ಅಕ್ಷರ ಒಂದೇ ಥರ ಇದ್ರೆ, ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನ ಅಳ್ಸತ್ತೆ. ಒಂದು ಉಳಿದಿದೆ."

ಅಧ್ಯಕ್ಷರ ಮುಖ ಸಡಿಲವಾಯಿತು. "ಯಾವುದು?"

"ಶ್ರದ್ಧಾಂಜಲಿದು ಸರ್."

"ಸದ್ಯ! ಅದನ್ನೇ ಪ್ರಿಂಟ್ ತೆಗಿ, ಮದುವೆಗೆ ಹೊತ್ತಾಯ್ತು."