ರೆಕ್ಕೆಯ ಲೆಕ್ಕ

ಗಾಳದ ಬೆಂಡು ಮುಳುಗಲಿಲ್ಲ. ಒಂದು ಬೆರಳ ಗೆಣ್ಣಿನಷ್ಟು ಮೇಲೆದ್ದು ನಿಂತಿತು. ಮೀನು ಕಚ್ಚಿದೆಯೆಂದು ಸಿರಿಲ್ ಕೋಲನ್ನು ಎತ್ತಿದ. ಬೆಳಗ್ಗೆ ಮಗಳು ಮೇವಿಸ್ ಇಟ್ಟಿಗೆ ಎಸೆದು ಒಡೆದಿದ್ದ ಕಾಲುವೆಯ ಮಂಜುಗಡ್ಡೆಯ ಚೂರುಗಳ ನಡುವಿನಿಂದ ಮೀನು ನಿಧಾನವಾಗಿ, ಭಾರವಾಗಿ ಬಂತು. ಮೇವಿಸ್ ಬಲೆ ಒಡ್ಡಿದಳು. ಬೆಳ್ಳಿಯ ಮೈ, ಕೆಂಪು ರೆಕ್ಕೆ, ಎರಡು ಅಂಗೈಗೂ ಹಿಡಿಸದಷ್ಟು ದೊಡ್ಡ ರೋಚ್. ಸಿರಿಲ್‌ಗೆ ಕೆಮ್ಮು ಹತ್ತಿತು.

ಬಲೆಯನ್ನು ನೀರಿನಲ್ಲೇ ಇಟ್ಟು, ಕೈ ಒದ್ದೆ ಮಾಡಿಕೊಂಡು, ಮೀನಿನ ಹೊಟ್ಟೆಯಡಿ ಬಾಲದ ಹತ್ತಿರವಿರುವ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿದ. ಆ ಕಾಲುವೆಯಲ್ಲಿ ರೋಚ್ ಜೊತೆ ಬ್ರೀಮ್ ಮೀನುಗಳೂ ಇದ್ದವು. ಎರಡೂ ಕೂಡಿ ಹುಟ್ಟಿದ ಬೆರಕೆ ಮೀನು ರೋಚಿನ ಹಾಗೆಯೇ ಕಾಣುತ್ತದೆ, ಅದಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಖಾತ್ರಿಯಾಗುವುದು ಆ ರೆಕ್ಕೆಯ ಕಡ್ಡಿಗಳನ್ನು ಎಣಿಸಿದರೆ ಮಾತ್ರ. ಹದಿಮೂರರೊಳಗಿದ್ದರೆ ಅಪ್ಪಟ ರೋಚ್, ಹದಿನೈದು ದಾಟಿದರೆ ಬೆರಕೆ.

"ಹನ್ನೆರಡು. ನೀನೂ ಎಣ್ಸು," ಎಂದ. ಮೇವಿಸ್ ಎಣಿಸಿದಳು. ಹನ್ನೆರಡೇ.

"ಹಾಗಾದ್ರೆ ಹೋಗಿ ವರ್ನನ್‌ನ ಕರ್ಕೊಂಡ್ ಬಾ."

ಅವಳು ಏಳಲಿಲ್ಲ. ಬೇರೆ ಯಾರನ್ನಾದರೂ ಕರೆಯಲೇ ಎಂದು ಕೇಳಿದಳು. ಶನಿವಾರ ಮಧ್ಯಾಹ್ನ, ಗಾಳ ಹಾಕುವವರ ಸಂಘದವರೆಲ್ಲ ಫುಟ್‌ಬಾಲ್ ನೋಡಲು ಹೋಗಿದ್ದರು. ಕಾಲು ನೋವೆಂದು ಊರಲ್ಲಿ ಉಳಿದಿದ್ದವನು ವರ್ನನ್ ಒಬ್ಬನೇ.

ಸೇತುವೆ ಪಕ್ಕದ ಪಬ್ಬಿನಲ್ಲಿ ಸಂಘದ ಹಲಗೆ ಇತ್ತು. ಎರಡು ಪೌಂಡು ಮೀರಿದ ರೋಚ್ ಹಿಡಿದವರ ಹೆಸರನ್ನು ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುತ್ತಿದ್ದರು. ಐವತ್ತು ವರ್ಷದಲ್ಲಿ ಮೂರೇ ಹೆಸರು. ಮನೆಯವರ ಸಾಕ್ಷಿ ನಡೆಯದು. ಸಂಘದ ಸಮಿತಿಯವನೊಬ್ಬ ಬಂದು ತೂಗಿ, ರೆಕ್ಕೆ ಎಣಿಸಿ, ಮೀನನ್ನು ನೀರಿಗೆ ಬಿಡಬೇಕು. ಅವನ ಮಾತೇ ಕೊನೆ. ಇಪ್ಪತ್ತು ವರ್ಷದ ಹಿಂದೆ ಆ ಸಮಿತಿಯವನು ಸಿರಿಲ್, ಮೀನು ವರ್ನನ್‌ದು. ವರ್ನನ್ ಗಾಳ ಹಿಡಿದು ಆಗ ಎರಡೇ ಚಳಿಗಾಲ ಕಳೆದಿತ್ತು. ಸಿರಿಲ್ ಎಣಿಸಿ ಹದಿನಾರು ಎಂದ. ಅಂದಿನಿಂದ ಊರಿಗೆಲ್ಲ ಅವನು 'ಬ್ರೀಮ್ ವರ್ನನ್'. ನಿವೃತ್ತಿಯ ದಿನ ಮಿಲ್ಲಿನ ಗೆಳೆಯರು ಬ್ರೀಮ್ ಮೀನಿನ ಆಕಾರದ ಕೇಕ್ ಮಾಡಿಸಿದ್ದರು. ಅವನು ನಗುತ್ತಲೇ ಕತ್ತರಿಸಿದ್ದ. ಆ ಎಣಿಕೆಯ ನಂತರ ಅವನು ಮತ್ತೆ ಗಾಳ ಮುಟ್ಟಲಿಲ್ಲ, ಸಮಿತಿಯನ್ನೂ ಬಿಡಲಿಲ್ಲ. ಮೊದಲೆಲ್ಲ ಮೇವಿಸ್‌ಗೆ ಟಾಫಿ ಹಿಡಿದು ಮನೆಗೆ ಬರುತ್ತಿದ್ದವನು ಆಮೇಲೆ ಬಾಗಿಲಿಗೂ ಬಂದಿರಲಿಲ್ಲ.

ಅಪ್ಪನಿಗೆ ಮುಂದಿನ ಚಳಿಗಾಲವಿಲ್ಲ ಎಂದು ಡಾಕ್ಟರು ಮೇವಿಸ್‌ಗೆ ಮಾತ್ರ ಹೇಳಿದ್ದರು. ಅವನ ಕೆಮ್ಮು ಅವನಿಗೆ ಅದನ್ನೇ ಹೇಳಿತ್ತು. ಅವಳು ಎದ್ದು ಹೋದಳು.

ವರ್ನನ್ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದ, ಕೈಯಲ್ಲಿ ತಕ್ಕಡಿ.

"ಬೂಟು ಹಾಕ್ಕೊಂಡು ಬರೋದಲ್ವೇನೋ," ಎಂದ ಸಿರಿಲ್. "ಮೀನೇನು ಓಡಿ ಹೋಗ್ತಿರ್ಲಿಲ್ಲ."

"ನಿನ್ನ ನಂಬೋಕಾಗುತ್ತಾ? ಅಷ್ಟರಲ್ಲಿ ಹುರಿದು ತಿಂದುಬಿಟ್ಟಿದ್ರೆ? ಎಷ್ಟು ವರ್ಷ ಕೂತಿದೀಯ ಇಲ್ಲಿ?"

"ನಲ್ವತ್ತು."

"ಬೆನ್ನು ಹಿಡ್ಕೊಳ್ಳೋಕೆ ಅಷ್ಟು ಸಾಕು."

ತಕ್ಕಡಿಯ ಮುಳ್ಳು ಎರಡು ಪೌಂಡು ಒಂದು ಔನ್ಸಿಗೆ ನಿಂತಿತು. ವರ್ನನ್ ಅದನ್ನು ಸಿರಿಲ್‌ಗೂ ತೋರಿಸಿದ. ಆಮೇಲೆ ಕನ್ನಡಕ ಹಾಕಿಕೊಂಡು, ಮೀನನ್ನು ಒದ್ದೆ ಚೀಲದ ಮೇಲೆ ಮಲಗಿಸಿ, ರೆಕ್ಕೆ ಬಿಡಿಸಿ, ಬೆಂಕಿಕಡ್ಡಿಯ ತುದಿಯಿಂದ ಒಂದೊಂದೇ ಮುಟ್ಟುತ್ತ ಗಟ್ಟಿಯಾಗಿ ಎಣಿಸತೊಡಗಿದ. ಮೇವಿಸ್ ಅವನ ಮುಖ ನೋಡಲಿಲ್ಲ, ಬೆಂಕಿಕಡ್ಡಿಯನ್ನು ನೋಡಿದಳು. ಹತ್ತು. ಹನ್ನೊಂದು. ಹನ್ನೆರಡು. ಬೆಂಕಿಕಡ್ಡಿ ಅಲ್ಲೇ ನಿಂತಿತು. ಲೆಕ್ಕ ನಿಲ್ಲಲಿಲ್ಲ.

"ಹದಿನಾರು," ಎಂದು ವರ್ನನ್ ತಲೆ ಎತ್ತಿದ. "ಏನಾದ್ರೂ ಹೇಳೋದಿದ್ಯಾ ಸಿರಿಲ್?"

ಸಿರಿಲ್ ಖಾಲಿ ಬಲೆಯನ್ನು ಎತ್ತಿಕೊಂಡ. "ಏನಿಲ್ಲ. ನೀನು ಎಣಿಸಿದ್ಮೇಲೆ ಮುಗೀತು."

ಜಗಳಕ್ಕೆ ಸಿದ್ಧನಾಗಿ ಬಂದವನ ಕೈಯಲ್ಲಿ ಜಗಳ ಉಳಿದುಹೋಯಿತು. ವರ್ನನ್ ಮಂಡಿಯೂರಿ, ಮೀನನ್ನು ಎರಡೂ ಕೈಯಲ್ಲಿ ನೀರಿಗಿಳಿಸಿ, ಅದಕ್ಕೆ ಉಸಿರು ಮರಳುವವರೆಗೂ ಹಿಡಿದುಕೊಂಡಿದ್ದ. ಅವನ ಬೆರಳುಗಳು ಕೆಂಪಾದವು. ಮೀನು ಬಾಲ ಬೀಸಿ ಹೋಯಿತು. ಅವನು ತಕ್ಕಡಿ ಎತ್ತಿಕೊಂಡು, ಒದ್ದೆ ಚಪ್ಪಲಿಯನ್ನು ಎಳೆಯುತ್ತ, ಒಮ್ಮೆಯೂ ತಿರುಗದೆ ಸೇತುವೆ ದಾಟಿದ.

ಮೇವಿಸ್ ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕಿದಳು. ದಾರ ಸುತ್ತಿದಳು.

"ಅಪ್ಪ, ಅವ್ರು ಸುಳ್ಳು ಎಣಿಸಿದ್ರು. ನಾನು ನೋಡ್ದೆ. ಆಗ್ಲೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ."

ಸಿರಿಲ್ ಗಾಳಕ್ಕೆಂದು ತಂದು ಉಳಿದಿದ್ದ ಬ್ರೆಡ್ಡನ್ನು ಅಂಗೈಯಲ್ಲಿ ಹಿಸುಕಿ, ಪುಡಿ ಮಾಡಿ, ಮೀನು ಹೋದ ಕಡೆಗೆ ಚೆಲ್ಲಿದ.

"ಅವತ್ತು ಅವನ್ದೂ ಹನ್ನೆರಡೇ ಇತ್ತು," ಎಂದ.