ಅವಲಪಲ್ಲಿಯ ಭಾನುವಾರದ ಕೂಟ

ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿದಿತ್ತು. ಮುನಿಶಾಮಿಗೆ ಅಷ್ಟು ಸಾಕಾಯಿತು.

ಒಳಗೆ ಆರೇಳು ಜನ. ಎಲ್ಲರೂ ಚಾಪೆಯ ಮೇಲೆ. ಒಬ್ಬ ಮಾತ್ರ ಕಿಟಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದ. ಅವನ ಮುಂದೆ ಮೇಜಿನ ಮೇಲೆ ಏನಿದೆಯೋ ಕಾಣುತ್ತಿರಲಿಲ್ಲ. ಚಾಪೆಯಲ್ಲಿದ್ದವರು ಸರದಿಯಂತೆ ಅವನಿಗೆ ಸಂಖ್ಯೆ ಹೇಳುತ್ತಿದ್ದರು.

"ನೂರಾ ಹತ್ತು."

"ಆಯ್ತು."

"ನೂರಾ ಇಪ್ಪತ್ತು. ಅಲ್ಲಿ ನಿಲ್ಸು."

"ನಿಲ್ಸ್ದೆ."

ಮುನಿಶಾಮಿ ಕಿಟಕಿಗೆ ಕಿವಿ ಒತ್ತಿದ. ಅವನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ನೂರಾ ಇಪ್ಪತ್ತು ಅವನೇ ನಡೆಸುವ ಲೇತು.

ಆಮೇಲೆ ಯಾರೋ ಟೇಪ್ ರೆಕಾರ್ಡರ್ ಹಾಕಿದರು. ಹಾಡಲ್ಲ, ಮಾತಲ್ಲ. ತಗಡು ಗೀರಿದಂಥ ಕಿರುಚು. ಒಳಗಿದ್ದವರು ಅಲುಗಾಡದೆ ಕೇಳುತ್ತ ಕೂತರು.

ಅದು ೧೯೮೭, ತಮಿಳು ಸೀಮೆಯ ಗಡಿಭಾಗ. ಪಕ್ಕದ ಕಾರ್ಖಾನೆಯ ಮುಷ್ಕರ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ, ಅವನನ್ನು ಇಣುಕಲು ಕಳಿಸಿದ್ದ ಪರ್ಸನಲ್ ಮ್ಯಾನೇಜರ್ ಬಾಗಿಲು ಮುಚ್ಚಿಕೊಂಡು ತಮಿಳಿನಲ್ಲಿ ಕೇಳಿದರು. ಮುನಿಶಾಮಿ ತಮಿಳಿನಲ್ಲೇ ಎಲ್ಲ ಹೇಳಿದ.

"ಕಂಪ್ಯೂಟರ್ ಸಂಘವಂತೆ!" ಮ್ಯಾನೇಜರ್ ನಕ್ಕರು. "ಟರ್ನರ್‌ಗೂ ಫಿಟ್ಟರ್‌ಗೂ ಕಂಪ್ಯೂಟರ್ ಯಾಕೆ? ಲೀಡರ್ ಯಾರು?"

"ಮುಖ ಕಾಣಲಿಲ್ಲ ಸಾರ್. ಹೆಸರೂ ಗೊತ್ತಿಲ್ಲ. ಆದರೆ ಉಳಿದವರೆಲ್ಲ ನೆಲದ ಮೇಲೆ, ಅವನೊಬ್ಬನಿಗೇ ಕುರ್ಚಿ. ಎಲ್ಲರೂ ಅವನಿಗೇ ಒಪ್ಪಿಸುತ್ತಾರೆ."

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿದರು.

"ಸರಿ, ಹೆಸರು ಬೇಡ. ಬರುವ ಭಾನುವಾರ ನೀನು ಒಳಗೇ ಹೋಗು. ನಾಲ್ಕು ಗಂಟೆಗೆ ಪೊಲೀಸರು ಬರುತ್ತಾರೆ. ಅಲ್ಲಿಯವರೆಗೆ ಯಾರೂ ಎದ್ದು ಹೋಗಬಾರದು. ನಾನು ಮದ್ರಾಸಿನಲ್ಲಿರುತ್ತೇನೆ. ಹೆದರಬೇಡ, ನಿನ್ನ ಹೆಸರನ್ನು ಯಾರಿಗೂ ಹೇಳಿಲ್ಲ. ಪೊಲೀಸರಿಗೂ ಇಲ್ಲ."

"ನನ್ನ ಪರ್ಮನೆಂಟ್, ಸಾರ್?"

"ಅದಾದ ಮೇಲೆ ಬಂದು ಕಾಣು."

ಗುಮ್ಮಳಾಪುರದ ಮನೆಯಲ್ಲಿ ಹೆಂಡತಿ ಆದಿಲಕ್ಷ್ಮಿ ಮುದ್ದೆ ಬಡಿಸುತ್ತ ಕೇಳಿದಳು. "ಇನ್ನೊಬ್ರ ಕೂಳ್ ಕಿತ್ಕೊಂಡು ಬರೋ ಕೆಲ್ಸ ನಮ್ಗ್ ಯಾಕೆ?"

"ಕಿತ್ಕೊಳ್ತಾ ಇರೋರು ಅವ್ರು ಕಣೇ. ನಾಳೆ ಸ್ಟ್ರೈಕ್ ಆದ್ರೆ ಮೊದ್ಲು ಆಚೆ ಹಾಕೋದು ನನ್ನಂಥ ಟೆಂಪರರಿಗಳ್ನೇ."

ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅವನು ಅವಲಪಲ್ಲಿಯ ಆ ಮನೆಯ ಬಾಗಿಲು ತಟ್ಟಿದ. ತೆರೆದವನು ದೊಡ್ಡಣ್ಣ, ಮನೆಯ ಯಜಮಾನ, ಬೇರೊಂದು ಕಾರ್ಖಾನೆಯ ಎಲೆಕ್ಟ್ರಿಷಿಯನ್.

"ಕಂಪ್ಯೂಟರ್ ಕಲಿಯಾನ ಅಂತ ಬಂದೆ, ಅಣ್ಣಾ."

ಒಳಗಿದ್ದವರು ಎಲ್ಲರೂ ತಿರುಗಿ ನೋಡಿದರು. ದೊಡ್ಡಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ನಿನ್ನಂಥೋನ್ನೇ ಕಾಯ್ತಾ ಇದ್ವಿ. ಆವುಲಪ್ಪಾ, ಬಾಗ್ಲು ಹಾಕ್ಲಾ."

ಚಿಲಕ ಬಿತ್ತು. ಪರದೆಯನ್ನೂ ಎಳೆದರು. ಮುನಿಶಾಮಿ ಚಾಪೆಯ ಅಂಚಿನಲ್ಲಿ ಕೂರಹೋದ. ದೊಡ್ಡಣ್ಣ ರಟ್ಟೆ ಹಿಡಿದು ಎತ್ತಿದ.

"ಇಲ್ಲಲ್ಲ. ಅಲ್ಲಿ, ಮೇಜಿನ ಮುಂದೆ. ಹಳಬ್ರು ಓದ್ಬೇಕು, ಹೊಸಬ ಒತ್ಬೇಕು. ಇಲ್ದಿದ್ರೆ ನೀನ್ ಕಲ್ಯೋದ್ ಯಾವಾಗ? ಇನ್ನೊಬ್ಬ ಹೊಸಬ ಬರೋಗಂಟ ನಿಂಗೆ ಬಿಡ್ಗಡೆ ಇಲ್ಲ."

"ಅಂತೂ ನಂಗ್ ಬಿಡ್ಗಡೆ ಆಯ್ತಪ್ಪ," ಎಂದ ಆವುಲಪ್ಪ, ಬೆರಳು ನೀವಿಕೊಳ್ಳುತ್ತ. "ಒತ್ತೀ ಒತ್ತೀ ಸವ್ದೋಗವೆ."

ಎಲ್ಲರೂ ನಕ್ಕರು. ಆವುಲಪ್ಪ ತಿರುಗಿ ಚಾಪೆಯ ಕಡೆ ನಡೆದ. ಹೋದ ಭಾನುವಾರ ಕಂಡ ಬೆನ್ನು ಅದೇ.

ಮೇಜಿನ ಮೇಲೆ ಒಂದು ಕಪ್ಪುಬಿಳುಪು ಟೀವಿ, ಟೇಪ್ ರೆಕಾರ್ಡರ್, ಅಕ್ಷರದ ಗುಂಡಿಗಳಿದ್ದ ಚಪ್ಪಟೆ ಪೆಟ್ಟಿಗೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಕಂಪ್ಯೂಟರ್ ಅದು.

"ಮುಟ್ಲಾ, ಕಚ್ಚಲ್ಲ ಕಣ್ಲಾ," ಎಂದರು ಯಾರೋ.

ಚಾಪೆಯಿಂದ ಪ್ರೋಗ್ರಾಮಿನ ಓದು ಶುರುವಾಯಿತು. ಹತ್ತು. ಇಪ್ಪತ್ತು. ಪ್ರತಿ ಸಾಲಿಗೂ ಒಂದು ಸಂಖ್ಯೆ. ಕೊನೆಯ ಸಾಲಿನಲ್ಲಿ ನಿಲ್ಲಿಸು ಎಂಬ ಆಜ್ಞೆ. ಗುಂಡಿ ಒತ್ತಿದಾಗ ಟೀವಿ ಅವನ ಹೆಸರು ಕೇಳಿತು. ತಡವರಿಸಿ ಒಂದೊಂದೇ ಅಕ್ಷರ ಒತ್ತಿದ. ವಣಕ್ಕಂ ಮುನಿಶಾಮಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿತು.

ಹೋದ ವಾರ ಕಿರುಚಿದ ಕ್ಯಾಸೆಟ್ಟಿನಲ್ಲಿದ್ದದ್ದೂ ಇಂಥವೇ ಸಾಲುಗಳು, ಕಂಪ್ಯೂಟರ್ ಓದಲೆಂದು ಸದ್ದಾಗಿ ತುಂಬಿಟ್ಟವು.

"ಈ ಸಾಲೆಲ್ಲ ಯಾರ ಸ್ವತ್ತಣ್ಣ?" ಎಂದು ಕೇಳಿದ.

"ಯಾರ್ದೂ ಅಲ್ಲ. ಬೇಕಾದೋರು ಟೇಪ್ ಮಾಡ್ಕೊಂಡ್ ಹೋಗ್ಬೋದು. ತಪ್ಪಿದ್ರೆ ತಿದ್ಬೋದು. ಏನ್ ಮಾಡಿದ್ರೂ ಬಂದು ಹೇಳ್ಬೇಕು, ಮುಚ್ಚಿಡ್ಬಾರ್ದು. ಅಷ್ಟೇ ನಮ್ ಕಾನೂನು."

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತಿರವಾಗಿತ್ತು. ಮುನಿಶಾಮಿ ಗುಂಡಿಗಳಿಂದ ಕೈ ತೆಗೆದ.

"ಅಣ್ಣಾ, ಇವತ್ತಿಗೆ ಸಾಕು. ಎಲ್ರೂ ಮನೆಗ್ ಹೋಗ್ಬುಡಾನ. ಈಗ್ಲೇ."

"ಅಯ್ಯೋ, ಕೂತ್ ಗಳಿಗೆಗೇ ಬ್ಯಾಸ್ರ ಬಂತಾ?" ದೊಡ್ಡಣ್ಣ ಅವನ ಭುಜ ಅದುಮಿದ. "ಕೂತ್ಕೊಳ್ಲಾ. ಗೋವಿಂದೂ, ಇವ್ನಿಗೆ ಕಾಫಿ ಕೊಡು."

"ಅದಲ್ಲಣ್ಣಾ, ನಾನು ಒಂದ್ ತಪ್ಪು..."

ಹೊರಗೆ ಜೀಪು ನಿಂತಿತು. ಚಿಲಕ ಮುರಿಯುವಂತೆ ಬಾಗಿಲು ಬಡಿದರು.

ಒಳಗೆ ಬಂದ ಇನ್‌ಸ್ಪೆಕ್ಟರ್ ಯಾರ ಹೆಸರನ್ನೂ ಕೇಳಲಿಲ್ಲ. ಕೋಣೆಯನ್ನು ಒಮ್ಮೆ ನೋಡಿ ಬೆರಳು ತೋರಿಸಿದರು. ಕಾನ್‌ಸ್ಟೇಬಲ್‌ಗಳಿಬ್ಬರು ಚಾಪೆ ದಾಟಿ ಹೋಗಿ ಮುನಿಶಾಮಿಯ ತೋಳು ಹಿಡಿದರು.

"ನಾನಲ್ಲ ಸಾರ್! ನಮ್ಮ ಮ್ಯಾನೇಜರನ್ನ ಕೇಳಿ!"

"ಅವರು ಊರಲ್ಲಿಲ್ಲ."

"ಬಿಟ್ಬುಡಿ ಸಾರ್," ದೊಡ್ಡಣ್ಣ ಅಡ್ಡ ನಿಂತ. "ಪಾಪದೋನು. ಇವತ್ತೇ ಬಂದವ್ನೆ."

"ನಿಮ್ಮ ಲೀಡರನ್ನು ನೀವು ಬಿಟ್ಟುಕೊಡುತ್ತೀರಾ?" ಇನ್‌ಸ್ಪೆಕ್ಟರ್ ನಕ್ಕರು. "ಆದರೆ ಹೋದ ವಾರ ಕಿಟಕಿಯಿಂದ ಕಣ್ಣಾರೆ ಕಂಡವನೇ ಹೇಳಿದ್ದಾನೆ, ಕುರ್ಚಿಯಲ್ಲಿ ಕೂತವನನ್ನು ಹಿಡಿದರೆ ಸಾಕು ಅಂತ."